ಎರಡು ಮನೆ ಮೈದಾನ

ನಿಡಗುಂಬಿ ಕಾಲೇಜಿನ ಫುಟ್‌ಬಾಲ್ ಮೈದಾನಕ್ಕೆ ಹೊಸಬರು ಬಂದರೆ ಮೊದಲು ಕಣ್ಣುಜ್ಜಿಕೊಳ್ಳುತ್ತಾರೆ. ಮೂರು ಕಡೆ ಕಲ್ಲಿನ ಮೆಟ್ಟಿಲು, ನಾಲ್ಕನೆಯ ಕಡೆ ಹುಣಸೆ ಸಾಲು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಪಡುವಣ ಗೋಲು ಕುಳ್ಳು, ಮೂಡಣದ್ದು ಊರಬಾಗಿಲಿನಷ್ಟು ಅಗಲ. ಎರಡರ ಕಂಬಗಳೂ ಕಲ್ಲಿನವು, ಎರಡಕ್ಕೂ ನೆಲಮಟ್ಟದಲ್ಲಿ ಹೊಸ್ತಿಲುಗಲ್ಲು. ಕಾಗದದಲ್ಲಿ ಇದಕ್ಕೆ ಯಾವುದೋ ಉದ್ದದ ಹೆಸರಿದೆ. ಊರವರಿಗೆ ಮಾತ್ರ ಇದು ಎರಡು ಮನೆ ಮೈದಾನ.

ಹಿಂದೆ ಒಮ್ಮೆ, ಕಾಲೇಜು ಹೊಸದಾಗಿದ್ದಾಗ, ಮರದ ಗೋಲುಕಂಬಗಳಿಗೆ ಪದೇಪದೇ ಗೆದ್ದಲು ಹಿಡಿಯುತ್ತಿತ್ತಂತೆ. ಕಲ್ಲಿನವನ್ನೇ ನಿಲ್ಲಿಸಲು ಪ್ರಿನ್ಸಿಪಾಲರು ಗೌಂಡಿ ಈರಬಸಪ್ಪನನ್ನು ಕರೆಸಿದರು. ಅವನು ಕಟ್ಟಿದ ಒಂದು ಗೋಡೆಯನ್ನೂ ಯಾರೂ ಕೆಡವಿಸಿರಲಿಲ್ಲ. ಆ ಹೆಮ್ಮೆಯಲ್ಲೇ ಅವನ ಮೀಸೆ ನೆಟ್ಟಗಿರುತ್ತಿತ್ತು. ಆಟ ಮಾತ್ರ ಅವನು ಕಂಡವನಲ್ಲ; ಎರಡು ಕಂಬ, ಮೇಲೊಂದು ಅಡ್ಡೆ ಎಂದರೆ ಅವನಿಗೆ ಮನೆಬಾಗಿಲೇ. ಅಗಲ ನಾಲ್ಕು ಮಾರು, ಎತ್ತರ ಆಳುದ್ದದ ಮೇಲೆ ಒಂದು ಮೊಳ ಎಂದು ಡ್ರಿಲ್ ಮಾಸ್ತರರು ಹೇಳಿದರು. ಯಾರ ಮನೆಯೋ ಅವರ ಮಾರಿನಿಂದಲೇ ಅಳೆಯುವುದು ಆ ಸೀಮೆಯ ಗೌಂಡಿಗಳ ಪದ್ಧತಿ. "ಇವು ಯಾರ ಮನಿರೀ?" ಎಂದು ಈರಬಸಪ್ಪ ಕೇಳಿದ. ಮಾಸ್ತರರು ಅವಸರದಲ್ಲಿದ್ದರು. "ಒಂದು ನಮ್ಮ ಗೋಲ್‌ಕೀಪರಂದು, ಇನ್ನೊಂದು ಎದುರಿನವರ ಗೋಲ್‌ಕೀಪರಂದು" ಎಂದು ಹೊರಟುಬಿಟ್ಟರು. ಈರಬಸಪ್ಪ ನಿಡಗುಂಬಿಯ ಗೋಲ್‌ಕೀಪರ್, ಗಿಡ್ಡ ಹುಡುಗ ಚಂದ್ರಾಮನ ಕೈ ಚಾಚಿಸಿ ಪಡುವಣ ಗೋಲಿನ ಅಳತೆ ಹಿಡಿದ. ಮರುದಿನ ಬುತ್ತಿ ಕಟ್ಟಿಕೊಂಡು, ಹಗ್ಗ ಹೆಗಲಿಗೇರಿಸಿ, ಉದ್ಘಾಟನೆಯ ಪಂದ್ಯಕ್ಕೆ ಬರಲಿದ್ದ ಕಾಲೇಜಿಗೇ ಹೋಗಿ ಅವರ ಗೋಲ್‌ಕೀಪರನ ಮಾರನ್ನೂ ಅಳೆದುತಂದ. ಆ ಮಹರಾಯ ಬಾಗಿಲಲ್ಲಿ ತಲೆ ತಗ್ಗಿಸಿ ನಡೆಯುವ ಆಳು!

ಪಂದ್ಯದ ದಿನ, ಉದ್ಘಾಟನೆಗೆಂದು ಗೋಲುಗಳಿಗೆ ಹೊದಿಸಿದ್ದ ಪರದೆ ಸರಿಸಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತಿಥಿಗಳು ಬಂದು ಕೂತಿದ್ದರಿಂದ ಪ್ರಿನ್ಸಿಪಾಲರು ಹಲ್ಲು ಕಚ್ಚಿ ಈರಬಸಪ್ಪನಿಗೆ, "ತಕರಾರಿಲ್ಲದೆ ಆಟ ಮುಗಿದರೆ ಸರಿ. ಇಲ್ಲವಾದರೆ ನಾಳೆ ಬೆಳಿಗ್ಗೆ ಈ ಕಂಬಗಳನ್ನು ನೀನೇ ಕೀಳಬೇಕು" ಎಂದರು. ಮೊದಲರ್ಧದಲ್ಲಿ ನಿಡಗುಂಬಿಯವರು ದೊಡ್ಡ ಗೋಲಿಗೆ ಮೂರು ಹೊಡೆದರು. ಚಂದ್ರಾಮನ ಪುಟ್ಟ ಗೋಲಿಗೆ ಒಂದೂ ಬೀಳಲಿಲ್ಲ. ಎದುರಿನವರು ತಕರಾರು ಬರೆಯಲು ಕಾಗದ ಕೇಳುತ್ತಿದ್ದಂತೆ ರೆಫರಿ ಸೀಟಿ ಊದಿ, ತಂಡಗಳನ್ನು ಅದಲುಬದಲು ನಿಲ್ಲಿಸಿದ. ಈರಬಸಪ್ಪ ಹೌಹಾರಿ ಮೈದಾನದೊಳಕ್ಕೇ ಓಡಿದ. "ಒಬ್ಬರ ಮನ್ಯಾಗ ಇನ್ನೊಬ್ಬರು ಹೊಕ್ಕರ ಹೆಂಗ್ರೀ? ಅಳತಿ ಕೆಡತೈತಿ!" ಡ್ರಿಲ್ ಮಾಸ್ತರರು ಅವನನ್ನು ಎಳೆದು ತರಬೇಕಾಯಿತು.

ಆದರೆ ಅವನನ್ನು ಉಳಿಸಿದ್ದೂ ಅದೇ ಅದಲುಬದಲು. ದೊಡ್ಡ ಗೋಲಿನಲ್ಲಿ ನಿಂತ ಚಂದ್ರಾಮ ಎಷ್ಟು ಹಾರಿದರೂ ಮೂರು ಚೆಂಡು ಒಳಗೆ ಹೋದವು. ಮೂರಕ್ಕೆ ಮೂರು. ಕಷ್ಟ ಇಬ್ಬರಿಗೂ ಸಮನಾಗಿತ್ತು, ತಕರಾರು ಯಾರಿಗೂ ಉಳಿಯಲಿಲ್ಲ, ಕಲ್ಲುಗಳೂ ಉಳಿದವು. ಚಂದ್ರಾಮ ಮಾತ್ರ ಕಂಬಕ್ಕೊರಗಿ ಅಳುತ್ತಿದ್ದ. ಈರಬಸಪ್ಪ ಅವನ ಬಳಿ ಹೋಗಿ ಬೆನ್ನು ಸವರಿ, "ಅಳಬ್ಯಾಡೋ ತಮ್ಮಾ, ನಿನ್ನ ಮನ್ಯಾಗ ಒಂದೂ ಬಿದ್ದಿಲ್ಲ" ಎಂದನಂತೆ.

ದೊಡ್ಡ ಪಂದ್ಯಗಳು ಈಗ ಬೇರೆಲ್ಲೋ ನಡೆಯುತ್ತವೆ. ಆದರೂ ಸಂಜೆ ಮೆಟ್ಟಿಲ ಮೇಲೆ ಕೂತವರು ನೋಡಬಹುದು: ಆಟದ ನಡುವೆ ಬದಿ ಬದಲಿಸುವಾಗ ಗೋಲ್‌ಕೀಪರುಗಳು ಹೊಸ್ತಿಲ ಮುಂದೆ ಒಂದು ಕ್ಷಣ ನಿಂತು, ನೆಂಟರ ಮನೆಗೆ ಹೋದವರಂತೆ ಬಲಗಾಲಿಟ್ಟು ಒಳಗೆ ಹೋಗುತ್ತಾರೆ. ಮೂಡಣ ಗೋಲಿಗೆ ಚೆಂಡು ಬಿದ್ದರೆ ನಿಡಗುಂಬಿಯ ಹುಡುಗರು ತಲೆ ಕೆಡಿಸಿಕೊಳ್ಳುವುದಿಲ್ಲ, "ನಮ್ಮ ಮನಿ ಅಲ್ಲ ಬಿಡು" ಎನ್ನುತ್ತಾರೆ.