ಕಸ ಸಿಗದ ಜೆಟ್ಟು

ಮಠ ಹೊಳೆಯ ಈ ದಡದಲ್ಲಿ, ಆಸ್ಪತ್ರೆ ಆ ದಡದಲ್ಲಿ. ದಾಟಲು ಇದ್ದದ್ದು ಮಠದ ಒಂದೇ ಒಂದು ಎಂಜಿನ್ ದೋಣಿ. ಅದನ್ನು ನಡೆಸುವವನು ಶಿಷ್ಯ ಸಾಬಣ್ಣ.

ನಡೆಸುವವನು ಅಂದೆನಲ್ಲ, ಅದು ಮೊದಲಿನ ಮಾತು. ಹೋದ ಮಳೆಗಾಲ ಅವನ ಹೆಂಡತಿ ಭೀಮವ್ವನಿಗೆ ಎದೆನೋವು ಬಂತು. ಆಸ್ಪತ್ರೆಗೆ ಒಯ್ಯುವಾಗ ಎಂಜಿನ್ ನಡುಹೊಳೆಯಲ್ಲಿ ಕೆಟ್ಟು ನಿಂತಿತು. ಹುಟ್ಟು ಹಾಕಿ ದಡ ಮುಟ್ಟಿಸುವಷ್ಟರಲ್ಲಿ ಅವಳ ಜೀವ ಹೋಗಿತ್ತು.

ಆಮೇಲೆ ಅವನು ದೋಣಿಗೆ ಯಾರನ್ನೂ ಹತ್ತಿಸಲಿಲ್ಲ. ಬೆಳಗಾದರೆ ಎಂಜಿನ್ನಿನ ಕಾರ್ಬುರೇಟರ್ ಬಿಚ್ಚಿಕೊಂಡು ಕೂರುತ್ತಿದ್ದ.

ಈಗ ಗುರುಗಳಿಗೇ, ಗುರುಪಾದಜ್ಜನವರಿಗೇ ಜ್ವರ. ಉಸಿರೆಳೆದರೆ ಎದೆ ಗೊರಗೊರ ಅನ್ನುತ್ತಿತ್ತು. ದೋಣಿ ಯಾವಾಗ ಬಿಡುತ್ತೀ ಎಂದರೆ ಸಾಬಣ್ಣನದು ಒಂದೇ ಉತ್ತರ, ನಾಳೆ. ಸಿಟ್ಟು ಬರುವ ಮಾತೇ. ಆದರೆ ಅವನನ್ನು ಬೈಯಲು ಯಾರಿಗೂ ಬಾಯಿ ಬರಲಿಲ್ಲ.

ಕೊನೆಗೆ ಅಜ್ಜನವರೇ ಕೋಲೂರಿಕೊಂಡು ದಡಕ್ಕೆ ಬಂದರು.

"ಇನ್ನೂ ಏನ್ ಆಗಬೇಕೋ?"

"ಸ್ಲೋ ಇಟ್ಟರ ಗಡಗಡ ನಡುಗಿ ಬಂದ್ ಬೀಳ್ತದರಿ ಅಜ್ಜಾರ. ಜೆಟ್ಟಿನ್ಯಾಗ ಕಸ ಅದ."

ಪೆಟ್ರೋಲ್ ಹಾಯುವ ಆ ಸಣ್ಣ ಹಿತ್ತಾಳೆ ಜೆಟ್ಟಿಗೆ ಹೊಲಿಗೆ ಸೂಜಿ ಚುಚ್ಚಿ ತಿರುಗಿಸುತ್ತಿದ್ದ.

"ಇವತ್ತು ಏನರ ಬಂತೇನು?"

"ಇಲ್ರಿ."

"ನಿನ್ನೆ?"

"ನಿನ್ನೆನೂ ಇಲ್ರಿ."

"ಮತ್ಯಾಕ ಚುಚ್ಚತಿ?"

"ಅವತ್ತು ಇದ್ದಿರಬೇಕಲ್ರಿ."

ಅಜ್ಜನವರು ಜೆಟ್ಟು ಇಸಿದುಕೊಂಡು ಬಿಸಿಲಿಗೆ ಹಿಡಿದರು. ಕೂದಲೆಳೆ ಹಾಯುವಷ್ಟಿದ್ದ ತೂತು ಸೂಜಿ ತಿಂದು ತಿಂದು ಅಗಲವಾಗಿತ್ತು.

"ಈಗಿನ ರೋಗ ಕಸದ್ದಲ್ಲ, ನಿನ್ನ ಸೂಜೀದು. ಪೆಟ್ರೋಲ್ ಹೆಚ್ಚಾಗಿ ಉಸಿರು ಕಟ್ಟತದ."

"ಹೊಸಾದು ತಂದು ಹಾಕಿದ್ರ?"

"ಈ ಎಂಜಿನ್ನಿಂದು ಈಗ ಎಲ್ಲಿ ಸಿಗತದ?"

"ಹಂಗಾದ್ರ ಸರಿ ಆಗೂದ ಇಲ್ಲೇನ್ರಿ?"

"ಇಲ್ಲ."

ಸಾಬಣ್ಣ ಬಹಳ ಹೊತ್ತು ಅತ್ತ. "ಒಂದ್ ಚೂರು ಕಸ ಸಿಕ್ಕಿದ್ರ ಸಾಕಿತ್ರಿ. ಇದರಿಂದ ಸತ್ತಳು ಅಂತ ಕೈಯಾಗ ಹಿಡಕೊಂಡು ನೋಡ್ತಿದ್ದೆ."

ಅಜ್ಜನವರು ಜೆಟ್ಟನ್ನು ಅವನ ಅಂಗೈಯಲ್ಲಿಟ್ಟು ದೋಣಿ ಹತ್ತಿದರು. ಭೀಮವ್ವ ಮಲಗಿದ್ದ ಹಲಗೆಯ ಮೇಲೆಯೇ ಮಲಗಿದರು.

ಸಾಬಣ್ಣ ಎಲ್ಲವನ್ನೂ ಕೂಡಿಸಿ ಹಗ್ಗ ಎಳೆದ. ಎಂಜಿನ್ ಕರಿಹೊಗೆ ಕಾರುತ್ತಾ, ತಡವರಿಸುತ್ತಾ ಶುರುವಾಯಿತು. ದಡ ಬಿಟ್ಟರು.

"ನಡುಹೊಳ್ಯಾಗ ನಿಂತ್ರ ಏನ್ ಮಾಡ್ಲಿ ಅಜ್ಜಾರ?"

"ಹುಟ್ಟು ಹಾಕು."

"ಅಷ್ಟರಾಗ ನಿಮಗೇನಾರ ಆದ್ರ?"

ಅಜ್ಜನವರು ಕಣ್ಣು ಮುಚ್ಚಿದರು.

"ಮಣ್ಣು ಮಾಡು. ಮರುದಿನ ಮತ್ತ ಇದನ್ನ ಬಿಚ್ಚಿಕೊಂಡು ಕೂಡಬ್ಯಾಡ."