ಮೂರು ಒಲೆಗಲ್ಲುಗಳೂ ಹಂಡೆದೊರೆಯೂ

ಏಳು ಕೆರೆ ನೀರು ಹಿಡಿಯುವ ತಾಮ್ರದ ಹಂಡೆಯೊಂದು ಬಚ್ಚಲುಮನೆಗೆ ದೊರೆಯಾಗಿ ಕೂತಿತ್ತು, ನಂಬುವವರು ನಂಬಿ. ಅದನ್ನು ಹೊತ್ತಿದ್ದವು ಮೂರು ಒಲೆಗಲ್ಲುಗಳು, ಒಡಹುಟ್ಟಿದ ಅಕ್ಕತಂಗಿಯರು. "ಭಾರ ಎಂದವಳ ತಲೆಯನ್ನು ಸುತ್ತಿಗೆಯಿಂದ ಒಡೆಸುತ್ತೇನೆ" ಎಂದು ಹಂಡೆಯ ಆಜ್ಞೆ. ಕಿರಿಯವಳಿಗೆ ಸುತ್ತಿಗೆ ಕಂಡರೇ ನಡುಕ.

ಒಂದು ಬೆಳಿಗ್ಗೆ ದೊಡ್ಡವಳು, "ಭಾರ" ಎಂದೇಬಿಟ್ಟಳು.

"ಸುಮ್ಮನಿರೇ ಅಕ್ಕಾ, ಜೀವ ಹೋದೀತು!" ಎಂದಳು ಕಿರಿಯವಳು.

"ನಿನ್ನ ಬೆನ್ನೂ ಬಿರುಕು ಬಿಟ್ಟಿದೆಯಲ್ಲೇ, ಇನ್ನೆಷ್ಟು ದಿನ ಸುಮ್ಮನಿರಲಿ?"

ಹಂಡೆ ಕೂಗಿತು, ಸುತ್ತಿಗೆ ಬಂತು, ದೊಡ್ಡವಳು ಎರಡು ಹೋಳಾದಳು. ಆಸರೆ ತಪ್ಪಿದ ಹಂಡೆ ಆ ಕಡೆಗೇ ವಾಲಿತು.

"ಏ ಚಿಕ್ಕವಳೇ, ಅಕ್ಕನ ಜಾಗಕ್ಕೆ ಬಂದು ಹಿಡಿಯೇ! ಇಲ್ಲದಿದ್ದರೆ ನಿನಗೂ ಸುತ್ತಿಗೆ!"

ಕಿರಿಯವಳು ನಡುಗುತ್ತಲೇ ನಡುವಿನಕ್ಕನ ಮುಖ ನೋಡಿದಳು. "ಭಾರ, ದೊರೆಯೇ" ಎಂದು ಇಬ್ಬರೂ ಪಕ್ಕಕ್ಕೆ ಸರಿದರು.

ಉರುಳಿದ ಹಂಡೆಯ ನೀರಿನಲ್ಲಿ ಸುತ್ತಿಗೆ ಕೊಚ್ಚಿಹೋಯಿತು. ಊರವರೆಲ್ಲ ಮೂರು ದಿನ ಮಿಂದರು.