ಸಾಹೇಬರ ಎರವಲು ಕಾರು

ಗುಮಾಸ್ತೆ ದಾಕ್ಷಾಯಣಿ ಸಣ್ಣ ಕಾರು ಕೊಂಡು ವರ್ಷವಾಗಿತ್ತು. ಭಾನುವಾರ ಬಂತೆಂದರೆ ಮಾತ್ರ ಅದು ಅವಳದಲ್ಲ, ಮ್ಯಾನೇಜರ್ ವಿರೂಪಾಕ್ಷಯ್ಯನದು. ಅವನ ದೊಡ್ಡ ಕಾರು ದಾವಣಗೆರೆಯ ಹಳೇಪೇಟೆ ಗಲ್ಲಿಗಳಲ್ಲಿ ತೂರುತ್ತಿರಲಿಲ್ಲ.

"ನಿನ್ನ ಬೆಂಕಿಪೊಟ್ಟಣದ ಕೀ ಕೊಡಮ್ಮ" ಎನ್ನುತ್ತಿದ್ದ. ಅದು ಕೇಳುವುದಲ್ಲ, ಕಸಿಯುವುದು. ಇಲ್ಲವೆಂದರೆ ದೂರದೂರಿಗೆ ಎತ್ತಂಗಡಿ. ಮಂಡಿ ಸೋತ ತಾಯಿಯನ್ನು ಬಿಟ್ಟು ಅವಳು ಹೇಗೆ ಹೋದಾಳು?

ಈ ಭಾನುವಾರ ಅವನು ಮಗಳಿಗೆ ಗಂಡು ನೋಡಲು ಹಳೇಪೇಟೆಗೆ ಹೊರಟಿದ್ದ. ದಾಕ್ಷಾಯಣಿ ಮರುಮಾತಿಲ್ಲದೆ ಕೀ ಕೊಟ್ಟಳು. ಕಾರಿನ ಹಿಂದೆ ಮುಂದೆ ದಪ್ಪ ಕೆಂಪಕ್ಷರಗಳಿದ್ದವು: 'ಈ ಕಾರು ಸಾಹೇಬರದಲ್ಲ. ಗುಮಾಸ್ತೆಯಿಂದ ಎರವಲು ತಂದದ್ದು.'

"ಏನಮ್ಮಾ ಇದು? ತಲೆ ಕೆಟ್ಟಿದೆಯಾ?"

"ನಿಮ್ಮ ಮರ್ಯಾದೆಗೇ ಬರೆಸಿದ್ದು ಸಾರ್. ಈ ಬೆಂಕಿಪೊಟ್ಟಣ ನಿಮ್ಮದೇ ಅಂತ ಬೀಗರು ಅಂದ್ಕೊಂಡ್ರೆ ಏನು ಗತಿ?"

"ನಾಳೆಯೇ ಎತ್ತಂಗಡಿ ಮಾಡಿಸ್ತೀನಿ!"

"ಮಾಡ್ಸಿ ಸಾರ್. ಯಾಕೆ ಅಂತ ಮೇಲಿನವರು ಕೇಳಿದ್ರೆ ಏನಂತೀರಿ? ಪ್ರತಿ ಭಾನುವಾರ ನಾನು ತಗೊಳ್ತಿದ್ದ ಅವಳ ಕಾರಿನ ಮೇಲೆ ನಿಜ ಬರೆಸಿದ್ಲು ಅಂತಲಾ?"

ವಿರೂಪಾಕ್ಷಯ್ಯ ಕೀಯನ್ನು ಕಾರಿನ ಮೇಲೆ ಕುಕ್ಕಿ, ರೇಷ್ಮೆ ಪಂಚೆ ಎತ್ತಿ ಹಿಡಿದು, ರಸ್ತೆಗೆ ಹೋಗಿ "ಆಟೋ!" ಎಂದು ಕೂಗಿದ.